ಅಂಚನ್ನು ಕೆದಕುವ ತಂತ್ರಾಂಶ

ಫ್ರ್ಯಾಕ್ಟಲ್ ಚಿತ್ರ ಕಣ್ಣಿಗೆ ಬೀಳದವರು ಈಗ ಅಪರೂಪ. ಪುಸ್ತಕದ ರಕ್ಷಾಪುಟ, ಮೊಬೈಲಿನ ವಾಲ್‌ಪೇಪರ್, ಯೂಟ್ಯೂಬಿನ ಮುಗಿಯದ ಝೂಮ್ ವಿಡಿಯೊ, ಎಲ್ಲೆಲ್ಲೂ ಅದೇ ಕಪ್ಪು ಹೃದಯದಾಕಾರ, ಅದರ ಎಡಕ್ಕೆ ಅಂಟಿಕೊಂಡ ಒಂದು ವೃತ್ತ, ಸುತ್ತಲೂ ಮೊಳೆತ ಮೊಗ್ಗುಗಳು, ಅವುಗಳಾಚೆ ಬಣ್ಣದ ಪದರಗಳು. ನೋಡುತ್ತೇವೆ, ಬೆರಗಾಗುತ್ತೇವೆ, ಮುಂದಿನದಕ್ಕೆ ಹೋಗುತ್ತೇವೆ. ಬೆರಗಿನಲ್ಲಿ ತಪ್ಪೇನಿಲ್ಲ, ಆದರೆ ಅಷ್ಟಕ್ಕೇ ನಿಂತರೆ ಆ ಚಿತ್ರದ ಮುಖ್ಯ ಗುಣವೇ ಕೈತಪ್ಪುತ್ತದೆ ಎಂಬುದು ನನ್ನ ವಾದ. ಆ ಆಕೃತಿಯ ಹೆಸರು ಮ್ಯಾಂಡಲ್‌ಬ್ರಾಟ್ ಗಣ. ಅದರ ಪ್ರತಿಯೊಂದು ಚಿತ್ರವೂ ಒಂದು ಲೆಕ್ಕದ ಉತ್ತರ. ಆ ಲೆಕ್ಕದಲ್ಲಿ ಅಂದಾಜು ಇರುತ್ತದೆ, ಮೊಟಕುಗೊಳಿಸಿದ್ದು ಇರುತ್ತದೆ, ಕೆಲವೆಡೆ ಅಪ್ಪಟ ಸುಳ್ಳೂ ಇರುತ್ತದೆ. ಯಾವುದು ಗಣಿತದ್ದು, ಯಾವುದು ಯಂತ್ರದ್ದು ಎಂದು ಸಿದ್ಧ ಚಿತ್ರವನ್ನು ನೋಡುವವರಿಗೆ ತಿಳಿಯುವ ದಾರಿಯಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಓಡುವ ಪುಟ್ಟ ತಂತ್ರಾಂಶವೊಂದು ಕೈಯಲ್ಲಿದ್ದರೆ ಆ ದಾರಿ ತೆರೆಯುತ್ತದೆ. ಇಂಥ ತಂತ್ರಾಂಶವನ್ನು ಚಿತ್ರ ಬಿಡಿಸುವ ಆಟಿಕೆ ಎನ್ನುವುದಕ್ಕಿಂತ ಅನುಮಾನ ಪಡುವುದನ್ನು ಕಲಿಸುವ ಉಪಕರಣ ಎನ್ನುವುದೇ ಸರಿ.

ಚಿತ್ರದ ಹಿಂದಿರುವ ನಿಯಮ ಒಂದೇ ಸಾಲಿನದು. ಸೊನ್ನೆಯಿಂದ ಶುರು ಮಾಡಿ; ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, ಮೊದಲೇ ಆರಿಸಿಕೊಂಡ ಒಂದು ಸ್ಥಿರ ಸಂಖ್ಯೆಯನ್ನು ಕೂಡಿ; ಬಂದದ್ದನ್ನು ಮತ್ತೆ ವರ್ಗ ಮಾಡಿ, ಮತ್ತೆ ಅದೇ ಸ್ಥಿರವನ್ನು ಕೂಡಿ. ಸ್ಥಿರ 1 ಆದರೆ 0, 1, 2, 5, 26, 677 ಎಂದು ಉತ್ತರ ನಾಗಾಲೋಟ ಓಡುತ್ತದೆ. ಸ್ಥಿರ –1 ಆದರೆ 0, –1, 0, –1 ಎಂದು ಎರಡರ ನಡುವೆಯೇ ಸುತ್ತುತ್ತಿರುತ್ತದೆ. 0.25 ಆದರೆ ಉತ್ತರ ಮೆಲ್ಲಗೆ 0.5ರ ಹತ್ತಿರ ಸರಿಯುತ್ತದೆ, ಎಂದೂ ದಾಟುವುದಿಲ್ಲ. ಆದರೆ 0.26 ಇಟ್ಟರೆ ಸುಮಾರು 30 ಸುತ್ತು ತಡವರಿಸಿ, ಆಮೇಲೆ 2ನ್ನು ದಾಟಿ ಓಡಿಹೋಗುತ್ತದೆ. ಸೊನ್ನೆಯಿಂದ 2ರಷ್ಟು ದೂರ ದಾಟಿದ ಉತ್ತರ ಮತ್ತೆ ಹಿಂದಿರುಗುವುದಿಲ್ಲವೆಂದು ಸುಲಭವಾಗಿ ಸಾಧಿಸಬಹುದು. ಸ್ಥಿರ ಸಂಖ್ಯೆ ಸಂಕೀರ್ಣ ಸಂಖ್ಯೆಯೂ ಆಗಬಹುದು. ಅಂದರೆ ಅದಕ್ಕೆ ಅಡ್ಡಸಾಲಿನಲ್ಲಿ ಅಳೆಯುವ ವಾಸ್ತವ ಭಾಗವೂ, ನಿಲುಸಾಲಿನಲ್ಲಿ ಅಳೆಯುವ, –1ರ ವರ್ಗಮೂಲವನ್ನು ಹೊತ್ತ ಕಾಲ್ಪನಿಕ ಭಾಗವೂ ಇರಬಹುದು. ಹಾಗಾಗಿ ಪ್ರತಿ ಸ್ಥಿರವೂ ಸಮತಲದ ಒಂದು ಬಿಂದು. ಯಾವ ಬಿಂದುವಿನ ಲೆಕ್ಕ ಓಡಿಹೋಗುವುದಿಲ್ಲವೋ ಅದು ಗಣಕ್ಕೆ ಸೇರಿದ್ದು, ಅದಕ್ಕೆ ಕಪ್ಪು. ಓಡಿಹೋಗುವವುಗಳಿಗೆ ಎಷ್ಟು ಸುತ್ತಿನಲ್ಲಿ ಓಡಿದವು ಎಂಬುದರ ಮೇಲೆ ಬಣ್ಣ. ಇಷ್ಟರಿಂದಲೇ ಆ ಅಷ್ಟೂ ಕುಸುರಿ ಹುಟ್ಟುತ್ತದೆ.

ಈ ನಿಯಮ ಕಂಪ್ಯೂಟರಿಗಿಂತ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಜೂಲಿಯಾ ಮತ್ತು ಪಿಯರ್ ಫಾಟು ಮೊದಲನೆಯ ಮಹಾಯುದ್ಧದ ಕಾಲದಲ್ಲೇ ಇಂಥ ಮರುಕಳಿಸುವ ಲೆಕ್ಕಗಳ ಸಿದ್ಧಾಂತವನ್ನು ಕಟ್ಟಿದ್ದರು; ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಜೂಲಿಯಾ 1918ರಲ್ಲಿ ತಮ್ಮ ದೀರ್ಘ ಪ್ರಬಂಧವನ್ನು ಪ್ರಕಟಿಸಿದಾಗ ಅವರಿಗೆ ಇಪ್ಪತ್ತೈದು ವರ್ಷ. 1978ರಲ್ಲಿ ರಾಬರ್ಟ್ ಬ್ರೂಕ್ಸ್ ಮತ್ತು ಪೀಟರ್ ಮಟೆಲ್ಸ್ಕಿ ಈ ಗಣದ ಒರಟು ಚಿತ್ರವನ್ನು ನಕ್ಷತ್ರಚಿಹ್ನೆಗಳಲ್ಲಿ ಮುದ್ರಿಸಿದರು. 1980ರಲ್ಲಿ ಐಬಿಎಂನ ಸಂಶೋಧನಾ ಕೇಂದ್ರದ ಬೆನ್ವಾ ಮ್ಯಾಂಡಲ್‌ಬ್ರಾಟ್ ಇನ್ನಷ್ಟು ಸ್ಪಷ್ಟ ಚಿತ್ರಗಳನ್ನು ತೆಗೆದು ಅದರ ಬೆನ್ನುಹತ್ತಿದರು. 1985ರ ಆಗಸ್ಟ್‌ನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಎ.ಕೆ. ಡ್ಯೂಡ್ನಿ ಬರೆದ ಅಂಕಣ ಇದನ್ನು ಮನೆಮನೆಯ ಕಂಪ್ಯೂಟರಿಗೆ ತಲುಪಿಸಿತು. ಆಗ ಒಂದು ಚಿತ್ರ ಮೂಡಲು ಗಂಟೆಗಟ್ಟಲೆ ಕಾಯಬೇಕಿತ್ತು. 1988ರಲ್ಲಿ ಬರ್ಟ್ ಟೈಲರ್ ಶುರು ಮಾಡಿ ಆಸಕ್ತರ ಗುಂಪೊಂದು ಬೆಳೆಸಿದ ‘ಫ್ರ್ಯಾಕ್ಟಿಂಟ್’ ದಶಮಾಂಶದ ಲೆಕ್ಕವನ್ನು ಪೂರ್ಣಾಂಕಗಳಲ್ಲೇ ನಡೆಸುವ ಉಪಾಯದಿಂದ ಕಾಯುವ ಹೊತ್ತನ್ನು ಬಹಳ ತಗ್ಗಿಸಿತು. 1996ರಲ್ಲಿ ಥಾಮಸ್ ಮಾರ್ಷ್ ಮತ್ತು ಚೆಕ್ ದೇಶದ ಯಾನ್ ಹುಬಿಚ್ಕಾ ರೂಪಿಸಿದ, ಎಕ್ಸ್, ಎ, ಒ, ಎಸ್ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆದು ‘ಕೇಆಸ್’ ಎಂದು ಓದುವ ತಂತ್ರಾಂಶ ಕಾಯುವಿಕೆಯನ್ನೇ ತೆಗೆದುಹಾಕಿತು. ಮೌಸಿನ ಎಡಗುಂಡಿ ಒತ್ತಿ ಹಿಡಿದರೆ ಚಿತ್ರದೊಳಕ್ಕೆ ಇಳಿಯುತ್ತಲೇ ಹೋಗುತ್ತೀರಿ. ಬಲಗುಂಡಿ ಒತ್ತಿದರೆ ಹಿಂದಕ್ಕೆ ಬರುತ್ತೀರಿ. ಲೇಖನದ ಉಳಿದ ಭಾಗದಲ್ಲಿ ಉದಾಹರಣೆಗೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಇಷ್ಟು ವೇಗ ಹೇಗೆ ಬಂತು ಎಂದು ಕೇಳಿದ ಕೂಡಲೇ ಅನುಮಾನದ ಮೊದಲ ಪಾಠ ಶುರುವಾಗುತ್ತದೆ. 640 ಕಂಬ, 480 ಸಾಲಿನ ಸಣ್ಣ ಕಿಟಕಿಯಲ್ಲೂ 3,07,200 ಪಿಕ್ಸೆಲ್‌ಗಳಿವೆ; ಒಂದೊಂದಕ್ಕೂ ನೂರಾರು ಸುತ್ತಿನ ಲೆಕ್ಕ. ಝೂಮ್ ಮಾಡುವಾಗ ಹೊಸ ಚಿತ್ರಕ್ಕೆ ಬೇಕಾದ ಬಿಂದುಗಳಲ್ಲಿ ಬಹುಪಾಲು ಹಿಂದಿನ ಚಿತ್ರದಲ್ಲೇ ಹೆಚ್ಚುಕಡಿಮೆ ಲೆಕ್ಕವಾಗಿರುತ್ತವೆ. ಕೇಆಸ್ ಹಳೆಯ ಸಾಲು-ಕಂಬಗಳಲ್ಲಿ ಹೊಸ ಜಾಗಕ್ಕೆ ಹತ್ತಿರವಾದವನ್ನು ಎತ್ತಿ ಅಲ್ಲಿಡುತ್ತದೆ, ಹತ್ತಿರದ್ದು ಸಿಗದ ಕಡೆ ಮಾತ್ರ ಹೊಸದಾಗಿ ಲೆಕ್ಕ ಹಾಕುತ್ತದೆ. ಅಂದರೆ ಚಲಿಸುತ್ತಿರುವಾಗ ತೆರೆಯ ಮೇಲೆ ಕಾಣುವುದು ಸರಿಯಾದ ಚಿತ್ರವಲ್ಲ, ಸರಿಯಾದುದರ ಪಕ್ಕದ ಚಿತ್ರ. ಮೌಸ್ ಬಿಟ್ಟು ನಿಂತಾಗ ಅದು ತನ್ನನ್ನು ತಾನೇ ತಿದ್ದಿಕೊಳ್ಳುವುದನ್ನು, ಮಸುಕಾಗಿದ್ದ ಅಂಚುಗಳು ಚೂಪಾಗುವುದನ್ನು ಕಣ್ಣಾರೆ ನೋಡಬಹುದು. ಇನ್ನೊಂದು ಉಪಾಯವೂ ಇಂಥ ತಂತ್ರಾಂಶಗಳಲ್ಲಿ ಬಳಕೆಯಲ್ಲಿದೆ: ಒಂದು ಪುಟ್ಟ ಆಯತದ ಅಂಚೆಲ್ಲ ಒಂದೇ ಬಣ್ಣ ಬಂದರೆ ಒಳಗನ್ನು ಲೆಕ್ಕ ಹಾಕದೆ ಅದೇ ಬಣ್ಣ ತುಂಬಿಬಿಡುವುದು. ಹೊಲದ ನಾಲ್ಕೂ ಬದುವಿನಲ್ಲಿ ರಾಗಿ ಕಂಡರೆ ನಡುವೆಯೂ ರಾಗಿಯೇ ಎಂದು ಬರೆದುಕೊಂಡ ಹಾಗೆ. ಬಹಳ ಸಲ ಅದು ಸರಿ. ನಡುವೆ ಒಂದು ಅವರೆ ಸಾಲು ಇದ್ದರೆ ತಪ್ಪು.

ಎರಡನೆಯ ಅನುಮಾನ ಇನ್ನೂ ಆಳದ್ದು, ನನ್ನ ಮಟ್ಟಿಗೆ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾದದ್ದು. ಒಂದು ಬಿಂದು ಎಂದೂ ಓಡಿಹೋಗುವುದಿಲ್ಲ ಎಂದು ಯಂತ್ರ ಹೇಳಬೇಕಾದರೆ ಕೊನೆಯಿಲ್ಲದಷ್ಟು ಸುತ್ತು ಲೆಕ್ಕ ಹಾಕಬೇಕು. ಅದು ಆಗದ ಮಾತು. ಆದ್ದರಿಂದ ತಂತ್ರಾಂಶ ಒಂದು ಮಿತಿ ಇಟ್ಟುಕೊಂಡು, ಅಷ್ಟು ಸುತ್ತಿನಲ್ಲಿ ಓಡದಿದ್ದರೆ ಕಪ್ಪು ಬಳಿಯುತ್ತದೆ. ಹಾಗಾಗಿ ತೆರೆಯ ಕಪ್ಪಿಗೆ ‘ಗಣಕ್ಕೆ ಸೇರಿದ್ದು’ ಎಂಬ ಅರ್ಥವಿಲ್ಲ. ‘ಇಷ್ಟು ಹೊತ್ತು ಕಾದರೂ ಓಡಲಿಲ್ಲ’ ಎಂಬ ಅರ್ಥವಷ್ಟೇ. ಹೃದಯದಾಕಾರವೂ ವೃತ್ತವೂ ಕೂಡುವ ಕುತ್ತಿಗೆಯನ್ನು ನೋಡಿ. ಅದಿರುವುದು ಅಡ್ಡಸಾಲಿನ –0.75ರಲ್ಲಿ. 1991ರಲ್ಲಿ ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೇವ್ ಬೋಲ್ ಆ ಕುತ್ತಿಗೆಗೆ ನಿಜಕ್ಕೂ ದಪ್ಪವಿಲ್ಲವೇ ಎಂದು ಪರೀಕ್ಷಿಸಲು ಹೊರಟರು. –0.75ರಿಂದ ನೇರ ಮೇಲಕ್ಕೆ 0.1ರಷ್ಟು ಸರಿದ ಬಿಂದು 33 ಸುತ್ತಿನಲ್ಲಿ ಓಡಿತು. 0.01ರಷ್ಟು ಸರಿದದ್ದು 315 ಸುತ್ತಿನಲ್ಲಿ, 0.001ರಷ್ಟು ಸರಿದದ್ದು 3143ರಲ್ಲಿ, 0.0001ರಷ್ಟು ಸರಿದದ್ದು 31417ರಲ್ಲಿ. ದೂರವನ್ನೂ ಸುತ್ತುಗಳನ್ನೂ ಗುಣಿಸಿದರೆ 3.3, 3.15, 3.143, 3.1417. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವಾದ ಪೈ, ಯಾರೂ ನಿರೀಕ್ಷಿಸದ ಕಡೆ ತಲೆಯೆತ್ತಿತ್ತು. ಅದು ಕಾಕತಾಳೀಯವಲ್ಲ ಎಂಬುದಕ್ಕೆ 2001ರಲ್ಲಿ ಆರನ್ ಕ್ಲೆಬನಾಫ್ ಸಾಧನೆ ಕೊಟ್ಟರು.

ಈಗ ಬೋಲ್ ಅವರ ಅಂಕಿಗಳನ್ನು ತೆರೆಯ ಚಿತ್ರಕ್ಕೆ ಹೊಂದಿಸಿ ನೋಡೋಣ. ಸುತ್ತಿನ ಮಿತಿಯನ್ನು 170 ಎಂದಿಟ್ಟರೆ, ಕುತ್ತಿಗೆಯಿಂದ 0.01ರಷ್ಟು ಮೇಲಿರುವ ಬಿಂದು ಓಡಲು 315 ಸುತ್ತು ಬೇಕಾದ್ದರಿಂದ ಯಂತ್ರ ಅದಕ್ಕೆ ಕಪ್ಪು ಬಳಿಯುತ್ತದೆ. ಪೈಯನ್ನು 170ರಿಂದ ಭಾಗಿಸಿದರೆ ಸುಮಾರು 0.0185, ಮೇಲಕ್ಕೂ ಕೆಳಕ್ಕೂ ಅಷ್ಟಷ್ಟು ದೂರದವರೆಗೆ ಎಲ್ಲವೂ ಕಪ್ಪು. ಅಡ್ಡಸಾಲಿನ ಮೇಲೆ ಗಣ ಹರಡಿರುವುದು –2ರಿಂದ 0.25ರವರೆಗೆ, ಅಂದರೆ 2.25. ಅದನ್ನು 900 ಪಿಕ್ಸೆಲ್ ಅಗಲಕ್ಕೆ ಹಿಗ್ಗಿಸಿದರೆ ದಪ್ಪವೇ ಇಲ್ಲದ ಕುತ್ತಿಗೆ ಸುಮಾರು 15 ಪಿಕ್ಸೆಲ್ ದಪ್ಪವಾಗಿ ಕಾಣುತ್ತದೆ. ಮಿತಿಯನ್ನು 1700ಕ್ಕೆ ಏರಿಸಿದರೆ ಅದು ಒಂದೂವರೆ ಪಿಕ್ಸೆಲ್‌ಗೆ ಇಳಿಯುತ್ತದೆ. ಅಚ್ಚಾದ ಚಿತ್ರದಲ್ಲಿ ಈ ಸುಳ್ಳು ಹಾಗೆಯೇ ಉಳಿಯುತ್ತದೆ. ತಂತ್ರಾಂಶದಲ್ಲಿ ಮಿತಿಯನ್ನು ಬದಲಿಸಿದ ಮರುಕ್ಷಣ ಬಯಲಾಗುತ್ತದೆ. ಅಷ್ಟೇ ಅಲ್ಲ, ಎಷ್ಟು ಸುಳ್ಳು ಎಂಬುದಕ್ಕೂ ಕರಾರುವಾಕ್ಕಾದ ನಿಯಮ ಸಿಗುತ್ತದೆ, ಆ ನಿಯಮದಲ್ಲಿ ಪೈ ಇರುತ್ತದೆ. ತನ್ನ ತಪ್ಪಿನ ಅಳತೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಕಲಿಕೆಯ ಸಾಧನ ನನಗೆ ಬೇರೆ ಕಾಣುವುದಿಲ್ಲ.

ಚಿತ್ರ ನಂಬಿ ಮೋಸಹೋಗುವುದು ಹೊಸಬರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಮ್ಯಾಂಡಲ್‌ಬ್ರಾಟ್ ಅವರ ಆರಂಭದ ಚಿತ್ರಗಳಲ್ಲಿ ಮುಖ್ಯ ಆಕೃತಿಯಿಂದ ದೂರದಲ್ಲಿ ಪುಟ್ಟ ಪುಟ್ಟ ಚುಕ್ಕೆಗಳು ಬಿಡಿಬಿಡಿಯಾಗಿ ಕಂಡವು. ದ್ವೀಪಗಳಂತಿದ್ದ ಅವನ್ನು ನೋಡಿ ಗಣ ಹಲವು ತುಂಡುಗಳದ್ದು ಎಂದು ಅವರು ಮೊದಲು ಊಹಿಸಿದರು. ದ್ವೀಪಗಳನ್ನು ಕೂಡಿಸುವ ಎಳೆಗಳು ಪಿಕ್ಸೆಲ್‌ಗಳ ನಡುವೆ ನುಸುಳುವಷ್ಟು ತೆಳು, ಆದ್ದರಿಂದ ಆಗಿನ ಲೆಕ್ಕಕ್ಕೆ ಸಿಗಲಿಲ್ಲ. ಇನ್ನಷ್ಟು ಪ್ರಯೋಗಗಳ ನಂತರ ಅವರೇ ಊಹೆ ಬದಲಿಸಿದರು. 1982ರಲ್ಲಿ ಏಡ್ರಿಯನ್ ದುವಾಡಿ ಮತ್ತು ಜಾನ್ ಹಬರ್ಡ್ ಇಡೀ ಗಣ ಒಂದೇ ತುಂಡು ಎಂದು ಸಾಧಿಸಿದರು. ಗಣಕ್ಕೆ ಮ್ಯಾಂಡಲ್‌ಬ್ರಾಟ್ ಅವರ ಹೆಸರಿಟ್ಟವರೂ ಅವರೇ. ಆಯತದ ಅಂಚು ನೋಡಿ ಒಳಗನ್ನು ತುಂಬುವ ಉಪಾಯ ಬಹುಮಟ್ಟಿಗೆ ಕೆಲಸ ಮಾಡುವುದಕ್ಕೆ ಈ ಪ್ರಮೇಯವೇ ಆಧಾರ: ಒಂದೇ ತುಂಡಿನ ಆಕೃತಿ ಆಯತದೊಳಗೆ ಇರಬೇಕಾದರೆ ಅಂಚನ್ನು ಎಲ್ಲೋ ಒಂದು ಕಡೆ ದಾಟಿಯೇ ಬಂದಿರಬೇಕು. ಆದರೂ ಆ ಉಪಾಯ ಕೆಲವೆಡೆ ತಪ್ಪುವುದು, 1980ರಲ್ಲಿ ಮ್ಯಾಂಡಲ್‌ಬ್ರಾಟ್ ಅವರನ್ನು ದಾರಿತಪ್ಪಿಸಿದ ಅದೇ ಕಾರಣಕ್ಕೆ. ಎಳೆ ಇದೆ, ಪಿಕ್ಸೆಲ್‌ಗೆ ಸಿಗುವುದಿಲ್ಲ.

ಕೊನೆಯ ಮಿತಿ ಅಂಕಿಗಳದ್ದು. ಸಾಮಾನ್ಯ ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು 15–16 ಅಂಕಿಗಳಷ್ಟು ನಿಖರವಾಗಿ ಇಟ್ಟುಕೊಳ್ಳುತ್ತದೆ. ಹತ್ತು ಲಕ್ಷ ಕೋಟಿ ಪಟ್ಟಿನ ಆಸುಪಾಸಿನಲ್ಲಿ ಹಿಗ್ಗಿಸುವ ಹೊತ್ತಿಗೆ ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ವ್ಯತ್ಯಾಸ ಆ ಅಂಕಿಗಳ ಕೆಳಗೆ ಜಾರುತ್ತದೆ; ಕುಸುರಿಯ ಜಾಗದಲ್ಲಿ ಚೌಕಚೌಕದ ಹೆಂಚುಗಳು ಕಾಣತೊಡಗುತ್ತವೆ. ಮೊದಲ ಚಿತ್ರದ ಅಗಲ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಆ ಹಂತದಲ್ಲಿ ಪೂರ್ತಿ ಚಿತ್ರದ ಅಗಲ ಸುಮಾರು 300 ಕೋಟಿ ಕಿಲೋಮೀಟರ್, ಸೂರ್ಯನಿಂದ ಯುರೇನಸ್‌ವರೆಗಿನ ದೂರಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ದೂರ ಹೋದ ಮೇಲೆ ಎದುರಾಗುವ ಆ ಚೌಕಗಳು ಗಣದ ಕೊನೆಯಲ್ಲ, ಯಂತ್ರದ ಅಂಕಿಗಳ ಕೊನೆ. ಹೆಚ್ಚು ಅಂಕಿಗಳನ್ನು ಇಟ್ಟುಕೊಂಡು ಇನ್ನೂ ಆಳಕ್ಕಿಳಿಯುವ ತಂತ್ರಾಂಶಗಳು ಬಂದಿವೆ. ಒಂದು ಬಿಂದುವನ್ನು ಪೂರ್ಣ ನಿಖರತೆಯಲ್ಲಿ ಲೆಕ್ಕ ಹಾಕಿ, ಉಳಿದವನ್ನು ಅದರಿಂದ ಎಷ್ಟು ಸರಿದಿವೆ ಎಂದು ಅಳೆಯುವ ಉಪಾಯ 2013ರ ನಂತರ ಅವುಗಳ ಬಲವನ್ನು ಬಹಳ ಹೆಚ್ಚಿಸಿದೆ. ಆಳದ ದಾಖಲೆ ಬೇಕಾದವರಿಗೆ ಅವು ಸರಿ. ಕಲಿಯುವವರಿಗೆ ಕೇಆಸ್‌ನ ಮಿತಿಯೇ ಹೆಚ್ಚು ಉಪಯುಕ್ತ.

ಚಿತ್ರದ ಮೂಲಕ ಕಲಿಯಬೇಕು ಎಂಬ ಈ ವಾದಕ್ಕೆ ಬಲವಾದ ಆಕ್ಷೇಪಣೆಗಳಿವೆ. ಜೂಲಿಯಾ ಮತ್ತು ಫಾಟು ಒಂದು ಚಿತ್ರವನ್ನೂ ನೋಡದೆ ಪ್ರಮೇಯಗಳನ್ನು ಸಾಧಿಸಿದರು. ಹಾಗಾದರೆ ಚಿತ್ರದ ಅಗತ್ಯವೇನು? 1989ರಲ್ಲಿ ಗಣಿತಜ್ಞ ಸ್ಟೀವನ್ ಕ್ರಾಂಟ್ಜ್ ಫ್ರ್ಯಾಕ್ಟಲ್‌ಗಳ ಸುತ್ತಲಿನ ಅಬ್ಬರವನ್ನು ಟೀಕಿಸಿ ಬರೆದರು; ಚಿತ್ರಗಳ ಪ್ರಚಾರಕ್ಕೆ ತಕ್ಕಷ್ಟು ಪ್ರಮೇಯಗಳು ಅಲ್ಲಿಲ್ಲ ಎಂಬುದು ಅಂಥ ಟೀಕೆಯ ತಿರುಳು. ಮ್ಯಾಂಡಲ್‌ಬ್ರಾಟ್ ಅದಕ್ಕೆ ಉತ್ತರವನ್ನೂ ಕೊಟ್ಟರು. ಟೀಕೆಯಲ್ಲಿ ಒಪ್ಪಬೇಕಾದ ಅಂಶವಿದೆ. ಚಿತ್ರ ಯಾವುದನ್ನೂ ಸಾಧಿಸುವುದಿಲ್ಲ. ಕುತ್ತಿಗೆಯ ದಪ್ಪವನ್ನೂ ದ್ವೀಪಗಳ ಬಿಡಿತನವನ್ನೂ ಅದು ತಪ್ಪಾಗಿ ತೋರಿಸಿದ್ದನ್ನು ಈಗಷ್ಟೇ ನೋಡಿದೆವು. ಆದರೆ ಏನನ್ನು ಸಾಧಿಸಬೇಕು ಎಂಬ ಪ್ರಶ್ನೆ ಎಲ್ಲಿಂದಲಾದರೂ ಬರಬೇಕಲ್ಲ. ಬೋಲ್ ಅವರ ಪೈ ಬಂದದ್ದು ಯಂತ್ರದ ಅಂಕಿಗಳಿಂದ. ಅದನ್ನು ಹುಡುಕಲು ಯಾವ ಸಿದ್ಧಾಂತವೂ ಅವರನ್ನು ಕಳುಹಿಸಿರಲಿಲ್ಲ. ಜೂಲಿಯಾ, ಫಾಟು ಅವರ ಸಿದ್ಧಾಂತ ದಶಕಗಳ ಕಾಲ ಬಹುತೇಕ ಮೂಲೆಗುಂಪಾಗಿದ್ದು, 1980ರ ಆಸುಪಾಸಿನಲ್ಲಿ ಮತ್ತೆ ಚಿಗುರಿದ್ದರಲ್ಲಿ ಕಂಪ್ಯೂಟರ್ ಚಿತ್ರಗಳ ಪಾಲು ಸಣ್ಣದಲ್ಲ. ಚಿತ್ರ ಪ್ರಶ್ನೆಯನ್ನು ತರುತ್ತದೆ, ಉತ್ತರ ಗಣಿತದ್ದು. ಇವೆರಡನ್ನು ಕಲಸಿಬಿಡುವುದು ತಪ್ಪೇ ಹೊರತು ಚಿತ್ರವೇ ತಪ್ಪಲ್ಲ.

ಕೇಆಸ್‌ನಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಮೌಸನ್ನು ಒಂದು ಬಿಂದುವಿನ ಮೇಲಿಟ್ಟು ಎಂ ಕೀ ಒತ್ತಿದರೆ ಆ ಬಿಂದುವಿಗೆ ಸೇರಿದ ಜೂಲಿಯಾ ಗಣ ಮೂಡುತ್ತದೆ: ಸ್ಥಿರವನ್ನು ಬದಲಿಸದೆ, ಲೆಕ್ಕ ಶುರುವಾಗುವ ಸಂಖ್ಯೆಯನ್ನು ಬದಲಿಸುತ್ತ ಹೋದರೆ ಸಿಗುವ ಆಕೃತಿ. ಕಪ್ಪು ಪ್ರದೇಶದ ಒಳಗಿನ ಬಿಂದುವಿಗೆ ಅದು ಒಂದೇ ತುಂಡು. ಹೊರಗಿನದಕ್ಕೆ ಧೂಳಿನಂತೆ ಚದುರಿದ ಬಿಂದುಗಳು. ನಡುವಿನ ಸ್ಥಿತಿ ಎಂಬುದಿಲ್ಲ. ಇದು ಜೂಲಿಯಾ ಮತ್ತು ಫಾಟು ಕಾಗದದ ಮೇಲೆ ಕಂಡುಕೊಂಡ ಪ್ರಮೇಯ. ಮೌಸನ್ನು ಅಂಚಿನ ಆಚೀಚೆ ಸರಿಸಿದರೆ ಅದೇ ಪ್ರಮೇಯ ತೆರೆಯ ಮೇಲೆ ಒಡೆಯುತ್ತದೆ, ಕೂಡುತ್ತದೆ. ಇನ್ನು ಅಡ್ಡಸಾಲಿನಲ್ಲಿ ಸೊನ್ನೆ, ನಿಲುಸಾಲಿನಲ್ಲಿ 1 ಇರುವ ಬಿಂದುವನ್ನು ಹಿಡಿಯಿರಿ. ಅಲ್ಲಿ ಲೆಕ್ಕ ಎರಡು ಹೆಜ್ಜೆಯ ನಂತರ ಎರಡೇ ಸಂಖ್ಯೆಗಳ ನಡುವೆ ಸುತ್ತತೊಡಗುತ್ತದೆ. ಆ ಬಿಂದುವಿನ ಸುತ್ತ ಮ್ಯಾಂಡಲ್‌ಬ್ರಾಟ್ ಗಣವನ್ನು ಹಿಗ್ಗಿಸಿ ನೋಡಿ, ಆಮೇಲೆ ಅದೇ ಬಿಂದುವಿನ ಜೂಲಿಯಾ ಗಣಕ್ಕೆ ಹೋಗಿ ಅದೇ ಜಾಗವನ್ನು ಹಿಗ್ಗಿಸಿ. ಎರಡರಲ್ಲೂ ಒಂದೇ ಬಗೆಯ ಸುರುಳಿ ಕವಲು. ಚೀನಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಕೆಲಸ ಮಾಡಿದ ಗಣಿತಜ್ಞೆ ತಾನ್ ಲೇ, ಇಂಥ ಬಿಂದುಗಳಲ್ಲಿ ಎರಡು ಗಣಗಳ ಹೋಲಿಕೆ ಹಿಗ್ಗಿಸಿದಷ್ಟೂ ನಿಖರವಾಗುತ್ತದೆ ಎಂದು 1990ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸಾಧಿಸಿದರು.

ವಿಡಿಯೊ ನೋಡಿದರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಯೂಟ್ಯೂಬಿನ ಝೂಮ್ ವಿಡಿಯೊಗಳು ಮನೆಯ ಕಂಪ್ಯೂಟರಿಗಿಂತ ಬಹಳ ಆಳಕ್ಕೆ ಇಳಿಯುತ್ತವೆ, ಬಣ್ಣವೂ ಹೆಚ್ಚು ಚೆಂದ. ಆದರೆ ಅವು ಯಾವಾಗಲೂ ಫಲಿತಾಂಶ ಸಿಗುವ ಜಾಗಕ್ಕೇ ಕರೆದೊಯ್ಯುತ್ತವೆ. ತಾವಾಗಿ ಝೂಮ್ ಮಾಡುವವರು ಬೇಗನೆ ಕಂಡುಕೊಳ್ಳುವ ಸಂಗತಿ ಬೇರೆ: ಸುಮ್ಮನೆ ಎಲ್ಲೋ ಒಂದು ಕಡೆ ಒತ್ತಿದರೆ ತೆರೆಯೆಲ್ಲ ಕಪ್ಪು, ಇಲ್ಲವೇ ತೆರೆಯೆಲ್ಲ ಒಂದೇ ಬಣ್ಣ. ಕುಸುರಿ ಇರುವುದು ಅಂಚಿನಲ್ಲಿ ಮಾತ್ರ, ಅಲ್ಲಿಂದ ಕೂದಲೆಳೆಯಷ್ಟು ಜಾರಿದರೂ ಎಲ್ಲವೂ ಮಾಯ. ಆ ಅಂಚು ಎಷ್ಟು ಸಿಕ್ಕುಸಿಕ್ಕಾದದ್ದೆಂದರೆ, ಗೆರೆಯಾಗಿದ್ದರೂ ಅದರ ಆಯಾಮ ಸಮತಲದಷ್ಟೇ, ಅಂದರೆ 2, ಎಂದು ಜಪಾನಿನ ಮಿತ್ಸುಹಿರೊ ಶಿಶಿಕುರಾ ಸಾಧಿಸಿದ್ದಾರೆ. ವಿಡಿಯೊದ ಬಣ್ಣಗಳೂ ಮೇಲಿನಿಂದ ಹಚ್ಚಿದವು. ಓಡಿಹೋಗಲು ಹಿಡಿದ ಸುತ್ತುಗಳ ಸಂಖ್ಯೆ ಗಣಿತದ್ದು. 40ನೇ ಸುತ್ತಿಗೆ ನೀಲಿ, 41ಕ್ಕೆ ಹಳದಿ ಎಂಬುದು ಯಾರದೋ ಆಯ್ಕೆ. ಕೇಆಸ್‌ನಲ್ಲಿ ಒಂದು ಕೀ ಒತ್ತಿದರೆ ಬಣ್ಣಗಳು ಬದಲಾಗುತ್ತವೆ, ಪದರಗಳ ಗಡಿ ಮಾತ್ರ ಅಲುಗುವುದಿಲ್ಲ. ಯಾವುದು ಉಳಿಯಿತು, ಯಾವುದು ಬದಲಾಯಿತು ಎಂಬುದೇ ಕಲಿಯಬೇಕಾದ ವಿಷಯ. ಅದು ನೋಡುಗರಿಗೆ ಸಿಗುವುದಿಲ್ಲ, ಕೀ ಒತ್ತುವವರಿಗೆ ಸಿಗುತ್ತದೆ.

ನಿತ್ಯಜೀವನದಲ್ಲಿ ಇದರ ಉಪಯೋಗವೇನು ಎಂದು ಕೇಳುವವರಿಗೆ ಮೋಡ, ಕರಾವಳಿ, ಜರಿಗಿಡಗಳ ಪಟ್ಟಿಯನ್ನೇ ಮತ್ತೆ ಓದಿ ಹೇಳುವುದು ನನಗೆ ಇಷ್ಟವಿಲ್ಲ; ಅದು ಫ್ರ್ಯಾಕ್ಟಲ್ ಗಣಿತದ ಬೇರೆ ಶಾಖೆಗಳ ಮಾತು, ಈ ಗಣಕ್ಕೆ ಅದರ ಸಾಲ ಬೇಡ. ಉಪಯೋಗ ಬೇರೆ ಕಡೆ ಇದೆ. ಹವಾಮಾನದ ನಕ್ಷೆ, ಸ್ಕ್ಯಾನಿಂಗ್ ಚಿತ್ರ, ಚುನಾವಣೆಯ ಅಂದಾಜು ಎಲ್ಲವೂ ಇಂದು ಯಂತ್ರ ಲೆಕ್ಕ ಹಾಕಿ ಬಿಡಿಸಿದ ಚಿತ್ರಗಳಾಗಿಯೇ ನಮ್ಮ ಮುಂದೆ ಬರುತ್ತವೆ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಸುತ್ತಿನ ಮಿತಿ, ಎಲ್ಲೋ ಒಂದು ಅಂಕಿಯ ಮಿತಿ, ಯಾರೋ ಆರಿಸಿದ ಬಣ್ಣ ಇದ್ದೇ ಇರುತ್ತದೆ. ಆ ಮಿತಿಗಳನ್ನು ನಾವು ಮುಟ್ಟಿ ಬದಲಿಸಲಾಗುವುದಿಲ್ಲ. ಎಲ್ಲವನ್ನೂ ಮುಟ್ಟಿ ಬದಲಿಸಬಹುದಾದ, ತಪ್ಪಿದರೆ ಯಾರಿಗೂ ನಷ್ಟವಾಗದ ಚಿತ್ರವೊಂದರ ಮೇಲೆ ಮೊದಲು ಕಣ್ಣು ಪಳಗಿಸಿಕೊಳ್ಳುವುದು ಎಂಥ ತಯಾರಿ ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ.

ನಮ್ಮ ಪ್ರಥಮ ಪಿಯುಸಿ ಗಣಿತದಲ್ಲಿ ಸಂಕೀರ್ಣ ಸಂಖ್ಯೆಗಳ ಅಧ್ಯಾಯವಿದೆ. ಕೂಡು, ಗುಣಿಸು, ಮಾಡ್ಯುಲಸ್ ಕಂಡುಹಿಡಿ ಎಂಬಲ್ಲಿಗೆ ಅದು ಬಹುಮಟ್ಟಿಗೆ ಪರೀಕ್ಷೆಯ ಲೆಕ್ಕವಾಗಿ ಮುಗಿಯುತ್ತದೆ. ಅದೇ ಮಾಡ್ಯುಲಸ್ 2ನ್ನು ದಾಟಿತೇ ಎಂಬ ಒಂದೇ ಪರೀಕ್ಷೆಯ ಮೇಲೆ ಈ ಇಡೀ ಲೋಕ ನಿಂತಿದೆ ಎಂದು ವಿದ್ಯಾರ್ಥಿಗಳಿಗೆ ಗೊತ್ತಾದರೆ ಆ ಅಧ್ಯಾಯದ ಬೆಲೆಯೇ ಬೇರೆಯಾಗುತ್ತದೆ. ಕೇಆಸ್ ಉಚಿತ ಮತ್ತು ಮುಕ್ತ ತಂತ್ರಾಂಶ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ, ಹಳೆಯ ಕಂಪ್ಯೂಟರಿಗೂ ಭಾರವಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಡ. ಗಣಿತದ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ: ಆ ಅಧ್ಯಾಯ ನಡೆಯುವ ವಾರದಲ್ಲಿ ಒಂದು ಪಿರಿಯಡ್ ಇದಕ್ಕೆ ಕೊಡಿ. ಸುಂದರ ಜಾಗಗಳನ್ನು ತೋರಿಸುವ ಆತುರ ಬೇಡ. –0.75ರ ಕುತ್ತಿಗೆಗೆ ಹೋಗಿ, ಮಿತಿಯನ್ನು 170ರಿಂದ 1700ಕ್ಕೆ ಏರಿಸಿ, ಕಪ್ಪು ಎಷ್ಟು ಕರಗಿತೆಂದು ವಿದ್ಯಾರ್ಥಿಗಳೇ ಅಳೆದು ಬರೆದುಕೊಳ್ಳಲಿ.